ಮೂರನೇ ಸೆಲ್ ಹಿಡಿಯದ ಲೈಟ್‌ಸೇಬರ್: ಒಂದು ಕಿಟ್ ವಿಮರ್ಶೆ

ಪೆಟ್ಟಿಗೆ ಬಿಚ್ಚಿದ ಕೂಡಲೇ ಮಗಳು ಕೇಳಿದಳು: "ಅಪ್ಪ, ಇದು ಟಾರ್ಚಾ?"

"ಟಾರ್ಚ್ ಅಲ್ಲ ಕಣೇ, ಲೈಟ್‌ಸೇಬರ್."

"ಟಾರ್ಚ್ ಥರಾನೇ ಇದೆ."

ನನಗೆ ಸ್ವಲ್ಪ ಸಿಟ್ಟು ಬಂತು. ಆದರೆ ಅವಳು ಹೇಳಿದ್ದು ಎಷ್ಟು ಸರಿ ಅಂತ ಗೊತ್ತಾಗಲು ಎರಡು ವಾರ ಹಿಡಿಯಿತು. ಈ ಕಿಟ್ ಬಗ್ಗೆ ನಾನು ಬರೆಯಬೇಕಾದ್ದೆಲ್ಲ ಆ ಒಂದು ಮಾತಿನ ಸುತ್ತಲೇ ಇದೆ.

1977ರ 'ಸ್ಟಾರ್ ವಾರ್ಸ್' ಚಿತ್ರದಲ್ಲಿ ನಾಯಕ ಲ್ಯೂಕ್ ಸ್ಕೈವಾಕರ್ ಕೈಗೆ ಬರುತ್ತದಲ್ಲ, ತಂದೆಯದ್ದು ಅಂತ ಹೇಳಿ ಕೊಡುವ ಬೆಳಕಿನ ಕತ್ತಿ, ಅದರ ಹಿಡಿಯನ್ನು ನಾವೇ ಜೋಡಿಸಿಕೊಳ್ಳುವ ಕಿಟ್ ಇದು. 'ಅಸಲಿಯನ್ನು ಹೇಗೆ ಮಾಡಿದ್ದರೋ ಹಾಗೆಯೇ ಮಾಡಿ, ಕಲಿಯಿರಿ' ಅನ್ನುವುದು ಪೆಟ್ಟಿಗೆಯ ಮೇಲಿನ ಮಾತು. ಮಾಡಿದ್ದು ಒಂದು ಚಿಕ್ಕ ವರ್ಕ್‌ಶಾಪ್. ಮುಂದೆ ನಾಲ್ಕು ಮಾತು ಬೈಯುವುದಿದೆ, ಹಾಗಾಗಿ ಹೆಸರು ಬೇಡ.

ನನ್ನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಯಂತ್ರದ ಬಿಡಿಭಾಗಗಳ ಡ್ರಾಯಿಂಗ್ ಮಾಡುವುದು ನನ್ನ ಹೊಟ್ಟೆಪಾಡು. ಯಾವ ವಸ್ತು ಕೈಗೆ ಬಂದರೂ ಮೊದಲು ವರ್ನಿಯರ್ ಹಿಡಿದು ಅಳೆಯುತ್ತೇನೆ, ಆಮೇಲೆ ಚೆನ್ನಾಗಿದೆಯೋ ಇಲ್ಲವೋ ಅಂತ ನೋಡುತ್ತೇನೆ. ಮನೆಯವರಿಗೆ ಇದು ಕಾಯಿಲೆ ಅನಿಸುತ್ತದೆ. ಈ ವಿಮರ್ಶೆಯಲ್ಲೂ ಆ ಕಾಯಿಲೆ ಕಾಣುತ್ತದೆ, ಸಹಿಸಿಕೊಳ್ಳಿ.

ಅಸಲಿಯ ಕಥೆ ಗೊತ್ತಿಲ್ಲದಿದ್ದರೆ ಈ ಕಿಟ್‌ನಲ್ಲಿ ಇರುವುದು ಬರೀ ಒಂದಷ್ಟು ತುಂಡು ಸಾಮಾನು. ಚಿತ್ರದ ಸೆಟ್ ಡೆಕೊರೇಟರ್ ಆಗಿದ್ದವರು ರೋಜರ್ ಕ್ರಿಶ್ಚಿಯನ್. ಕೈಯಲ್ಲಿ ದುಡ್ಡು ಕಡಿಮೆ, ಆದರೆ ಬೇಕಾಗಿದ್ದು ಎಲ್ಲೂ ಕಾಣದಂಥ ಇಡೀ ಒಂದು ಲೋಕ. ಹೊಸದಾಗಿ ಮಾಡಿಸುತ್ತಾ ಕೂತರೆ ಮುಗಿಯುವುದಿಲ್ಲ ಅಂತ ಅವರು ಗುಜರಿ ಸಾಮಾನಿನ ಹಿಂದೆ ಬಿದ್ದರು. ಲಂಡನ್ನಿನಲ್ಲಿ ಫೋಟೋಗ್ರಫಿ ಸಾಮಾನು ಮಾರುವ ಒಂದು ಅಂಗಡಿಗೆ ಹೋಗಿ, ವಿಚಿತ್ರವಾದದ್ದು ಏನಾದರೂ ಇದೆಯಾ ಅಂತ ಕೇಳಿದರು. ಧೂಳು ಹಿಡಿದ ಪೆಟ್ಟಿಗೆಯೊಂದರಲ್ಲಿ ಸಿಕ್ಕಿದ್ದು ಗ್ರಾಫ್ಲೆಕ್ಸ್ ಕಂಪನಿಯ ಫ್ಲ್ಯಾಶ್ ಹಿಡಿಗಳು. ಅಮೆರಿಕದ ಪತ್ರಿಕಾ ಛಾಯಾಗ್ರಾಹಕರು ಸ್ಪೀಡ್ ಗ್ರಾಫಿಕ್ ಅನ್ನುವ ದೊಡ್ಡ ಕ್ಯಾಮೆರಾದ ಪಕ್ಕಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರಲ್ಲ, ಅವೇ. ಹಳೇ ಕಪ್ಪುಬಿಳುಪು ಚಿತ್ರಗಳಲ್ಲಿ ಟೋಪಿ ಹಾಕಿದ ವರದಿಗಾರರ ಕೈಯಲ್ಲಿ ತಟ್ಟೆಯಂಥ ರಿಫ್ಲೆಕ್ಟರ್ ಇರುತ್ತದೆ, ಅದರ ಕೆಳಗಿನ ಕೋಲು.

ಕ್ರಿಶ್ಚಿಯನ್ ಆ ಕೋಲಿನ ಕೆಳಭಾಗಕ್ಕೆ ಸೂಪರ್ ಗ್ಲೂನಲ್ಲಿ ಕಪ್ಪು ಪಟ್ಟಿಗಳನ್ನು ಅಂಟಿಸಿದರು. ಕ್ಲಾಂಪಿನ ಸಂದಿಗೆ ಒಂದು ಪಾಕೆಟ್ ಕ್ಯಾಲ್ಕುಲೇಟರಿನಿಂದ ಕಿತ್ತ ಗುಳ್ಳೆ ಗುಳ್ಳೆ ಪ್ಲಾಸ್ಟಿಕ್ ಪಟ್ಟಿ ಸಿಕ್ಕಿಸಿದರು. ಬೆಲ್ಟಿಗೆ ನೇತುಹಾಕಲು ಬುಡಕ್ಕೆ ಒಂದು 'ಡಿ' ಆಕಾರದ ಬಳೆ. ಇಷ್ಟೇ. ಆ ವರ್ಷದ ಕಲಾ ನಿರ್ದೇಶನದ ಆಸ್ಕರ್ ಪಡೆದ ಜಾನ್ ಬ್ಯಾರಿ, ನಾರ್ಮನ್ ರೆನಾಲ್ಡ್ಸ್, ಲೆಸ್ಲಿ ಡಿಲ್ಲಿ ಜೊತೆ ಇವರ ಹೆಸರೂ ಇದೆ.

ಈಗ ಕಿಟ್‌ಗೆ ಬರೋಣ.

ಒಳಗಿರುವುದು: ನಡುವೆ ತಿರುಗಿಸಿ ಬಿಚ್ಚುವ ಹೊಳೆಯುವ ಕೊಳವೆ, ಎರಡು ತುಂಡು. ಸನ್ನೆ ಇರುವ ಕ್ಲಾಂಪ್. ಒಂದು ಕೆಂಪು ಗುಂಡಿ, ಒಂದು ಗಾಜಿನ ಕಣ್ಣು. ಏಳು ಕಪ್ಪು ಪಟ್ಟಿ. ಗುಳ್ಳೆ ಪಟ್ಟಿ. ಬಳೆ. ಒಂದು ಮರದ ಕೋಲು, ಅದಕ್ಕೆ ಸುತ್ತಲು ಬೂದು ಬಣ್ಣದ ಟೇಪು. 24 ಪುಟದ ಪುಸ್ತಿಕೆ. ಅಂಟು ಇಲ್ಲ! 'ಹಾಗೆಯೇ ಮಾಡಿ' ಅಂತ ಹೇಳಿ ಅಂಟನ್ನೇ ಕೊಡದಿದ್ದರೆ ಹೇಗೆ?

ಮೊದಲ ನೋಟಕ್ಕೆ ಕೊಳವೆ ಮಾತ್ರ ಸೊಗಸು. ಅಲ್ಯೂಮಿನಿಯಂ ಅಲ್ಲ, ಹಿತ್ತಾಳೆ ಮೇಲೆ ಲೇಪ ಮಾಡಿದ್ದಾರೆ. ಒಳಗಡೆ ಲೇಪ ಸರಿಯಾಗಿ ಹಿಡಿಯದ ಜಾಗದಲ್ಲಿ ಹಳದಿ ಇಣುಕುತ್ತದೆ. ಹಿತ್ತಾಳೆಯ ತೂಕ ಅಲ್ಯೂಮಿನಿಯಮ್ಮಿನ ಮೂರು ಪಟ್ಟು ಜಾಸ್ತಿ, ಕೈಗೆ ತಗೊಂಡರೆ ಆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಎರಡು ತುಂಡು ಸೇರಿಸಿ ತಿರುಗಿಸಿದಾಗ 'ಟಕ್' ಅಂತ ಕೂರುತ್ತದೆ. ಆ ಶಬ್ದಕ್ಕಾಗಿಯೇ ನಾನು ಇಪ್ಪತ್ತು ಸಲ ಬಿಚ್ಚಿ ಹಾಕಿದೆ.

ಇಪ್ಪತ್ತೊಂದನೇ ಸಲ ಬಿಚ್ಚಿದಾಗ ಮಗಳ ಟಾರ್ಚ್ ಮಾತು ನೆನಪಾಯಿತು. ಅಸಲಿ ಹಿಡಿ ಮೂರು ಸೆಲ್ಲಿನದು, ಅಂದರೆ ಒಳಗೆ ಮೂರು ದಪ್ಪ 'ಡಿ' ಸೆಲ್ ಹೋಗಬೇಕು. ಹಳೇ ಟಾರ್ಚಿಗೆ ಹಾಕುತ್ತಿದ್ದೆವಲ್ಲ, ಅವೇ. ಮನೆಯಲ್ಲಿ ಹುಡುಕಿ ಮೂರು ಸೆಲ್ ತಂದು ಕೊಳವೆಗೆ ಬಿಟ್ಟೆ. ಒಂದು ಜಾರಿತು. ಎರಡು ಜಾರಿತು. ಮೂರನೆಯದರ ತಲೆ ಹೊರಗೇ ಉಳಿಯಿತು. ಮೇಲಿನ ತುಂಡು ಒತ್ತಿ ತಿರುಗಿಸಿದರೆ ಮುಚ್ಚುವುದೇ ಇಲ್ಲ. ಅಳೆದೆ. ಮೂರೂವರೆ ಮಿಲಿಮೀಟರ್ ಕೊರತೆ.

ಏನಪ್ಪ, ಸೆಲ್ ಹಾಕಿ ಏನು ಮಾಡ್ತೀಯ ಅಂತ ಕೇಳಬಹುದು. ಮಾಡುವುದು ಏನೂ ಇಲ್ಲ. ಆದರೆ ಆ ವಸ್ತು ಹಾಗಿರುವುದೇ ಸೆಲ್ಲಿನಿಂದ. ಒಂದು ಡಿ ಸೆಲ್ ಉದ್ದ 61.5 ಮಿಲಿಮೀಟರ್, ದಪ್ಪ ಸುಮಾರು 34. ಮೂರು ಒಂದರ ಮೇಲೊಂದು ಇಟ್ಟರೆ ಹದಿನೆಂಟೂವರೆ ಸೆಂಟಿಮೀಟರ್. ಅದರ ಸುತ್ತ ಒಂದು ಕೊಳವೆ, ಮೇಲೆ ಬಲ್ಬಿನ ಜಾಗ, ಕೆಳಗೆ ಸ್ಪ್ರಿಂಗ್ ಮತ್ತು ಮುಚ್ಚಳ. ಎರಡು ಕೈಯಲ್ಲಿ ಹಿಡಿಯಲು ಅಷ್ಟು ಹದವಾಗಿರುವ ಆ ಅಳತೆಯನ್ನು ಯಾವ ಕಲಾವಿದನೂ ಕೂತು ಯೋಚಿಸಿದ್ದಲ್ಲ, ಟಾರ್ಚ್ ಸೆಲ್ ಕೊಟ್ಟ ಅಳತೆ ಅದು. ಸೆಲ್ ಹಿಡಿಯದ ಕೊಳವೆ ಅಂದರೆ, ಮಾಡಿದವರು ವಸ್ತುವನ್ನು ಅಳೆಯದೆ ಫೋಟೋ ಇಟ್ಟುಕೊಂಡು ಅಂದಾಜಿನಲ್ಲಿ ಮಾಡಿದ್ದಾರೆ ಅಂತ ಅರ್ಥ. ಫೋಟೋದಲ್ಲಿ ಕೋನ ಒಂಚೂರು ವಾಲಿದ್ದರೆ ಸಾಕು, ಉದ್ದ ಕಡಿಮೆ ಕಾಣುತ್ತದೆ, ದಪ್ಪ ಮಾತ್ರ ಹಾಗೇ ಇರುತ್ತದೆ. ಇಲ್ಲಿ ಆಗಿರುವುದೂ ಅದೇ. ದಪ್ಪ ಸರಿ, ಉದ್ದ ತಪ್ಪು.

ಅವರಿಗೆ ಬರೆದು ಕೇಳಿದೆ. 'ಇದು ಪ್ರದರ್ಶನಕ್ಕೆ ಮಾತ್ರ, ಬ್ಯಾಟರಿ ಹಾಕುವಂತಿಲ್ಲ' ಅಂತ ಉತ್ತರ ಬಂತು. ನಾನು ಕೇಳಿದ್ದೇ ಬೇರೆ.

ಅನುಮಾನ ಬಗೆಹರಿಯಲಿ ಅಂತ, ಪರಿಚಯದ ಹಿರಿಯ ಫೋಟೋಗ್ರಾಫರ್ ಒಬ್ಬರ ಹತ್ತಿರ ಇರುವ ನಿಜವಾದ ಗ್ರಾಫ್ಲೆಕ್ಸ್ ಹಿಡಿ ನೋಡಲು ಹೋದೆ. ವಿಷಯ ಹೇಳಿದ ಕೂಡಲೇ ಅವರ ಮುಖ ಸಣ್ಣಗಾಯಿತು. "ನೋಡಪ್ಪ, ನಿಮ್ಮಂಥವರಿಂದಲೇ ಇವು ಈಗ ಸಿಗೋದಿಲ್ಲ. ಕ್ಯಾಮೆರಾ ಇರುತ್ತೆ, ಫ್ಲ್ಯಾಶ್ ಇರಲ್ಲ. ಎಲ್ಲ ಕತ್ತಿ ಮಾಡ್ಕೊಂಡು ಬಿಟ್ರಿ." ಅದು ನಿಜವೇ. ಹಳೇ ಕ್ಯಾಮೆರಾ ಸಂಗ್ರಹಿಸುವವರ ದೊಡ್ಡ ಗೋಳು ಇದು. ಪೂರ್ತಿ ಫ್ಲ್ಯಾಶ್ ಕೊಂಡು, ರಿಫ್ಲೆಕ್ಟರ್ ಬಿಸಾಕಿ, ಹಿಡಿ ಮಾತ್ರ ಇಟ್ಟುಕೊಳ್ಳುವವರು ಜಾಸ್ತಿ ಆಗಿದ್ದಾರೆ. "ನಾನು ಏನೂ ಅಂಟಿಸಲ್ಲ ಸರ್, ಅಳತೆ ತಗೊಂಡು ವಾಪಸ್ ಕೊಡ್ತೀನಿ" ಅಂದೆ. ಎದುರಿಗೇ ಕೂತು ಅಳೆಯಬೇಕು ಅನ್ನುವ ಷರತ್ತಿನ ಮೇಲೆ ಕೊಟ್ಟರು.

ಆ ಮಧ್ಯಾಹ್ನ ಈ ಕಿಟ್‌ಗಿಂತ ಜಾಸ್ತಿ ಕಲಿಸಿತು. ಬಿಚ್ಚಿದರೆ ಒಳಗೆ ಎಂದೋ ಸೋರಿದ ಸೆಲ್ಲಿನ ಹಸಿರು ಬಿಳಿ ಪುಡಿ. ಬುಡದಲ್ಲಿ ಗಟ್ಟಿ ಸ್ಪ್ರಿಂಗ್. ಮೂರು ಸೆಲ್ ಹೋಗುತ್ತವೆ, ಸ್ಪ್ರಿಂಗ್ ಒತ್ತಿ ತಿರುಗಿಸಿದರೆ ಮುಚ್ಚುತ್ತದೆ. ತಲೆಯಲ್ಲಿರುವ ಸನ್ನೆ ಏನು ಅಂತ ಅವರೇ ತೋರಿಸಿದರು. ಫ್ಲ್ಯಾಶ್ ಬಲ್ಬ್ ಒಂದು ಸಲ ಉರಿದರೆ ಮುಗಿಯಿತು, ಮತ್ತೆ ಬರುವುದಿಲ್ಲ. ಸುಡುವ ಬಲ್ಬನ್ನು ಕೈಯಲ್ಲಿ ಮುಟ್ಟದೆ ಉದುರಿಸಲು ಆ ಸನ್ನೆ. ಕೆಂಪು ಗುಂಡಿ ಒತ್ತಿದರೆ ಕರೆಂಟ್ ಹರಿಯುತ್ತದೆ. ಬಲ್ಬ್ ಪೂರ್ತಿ ಬೆಳಗಲು ಸುಮಾರು 20 ಮಿಲಿಸೆಕೆಂಡ್ ಬೇಕು, ಅದಕ್ಕೆ ಸರಿಯಾಗಿ ಶಟರ್ ತೆಗೆಯುವ ಸೊಲೆನಾಯ್ಡ್ (ಕರೆಂಟ್ ಹರಿದರೆ ಸರಳನ್ನು ಎಳೆಯುವ ತಂತಿ ಸುರುಳಿ) ಕೂಡ ಇದೇ ಸೆಲ್‌ಗಳಿಂದ ನಡೆಯುತ್ತಿತ್ತು. ಸಿನಿಮಾದಲ್ಲಿ ಏನೋ ಬಾಹ್ಯಾಕಾಶದ ಯಂತ್ರ ಅಂತ ಕಾಣುವ ಪ್ರತಿಯೊಂದು ಉಬ್ಬಿಗೂ ಭೂಮಿಯ ಮೇಲೆ ಒಂದೊಂದು ಕೆಲಸ ಇತ್ತು. ನಿಜವಾದ ಹಿಡಿಯಲ್ಲಿ ಕೆಂಪು ಗುಂಡಿ ಕುಣಿಯುತ್ತದೆ. ಕಿಟ್‌ನಲ್ಲಿ ಅದು ಅಂಟಿಸಿದ ಮಣಿ, ಒತ್ತಿದರೆ ಅಲ್ಲಾಡುವುದೂ ಇಲ್ಲ.

ಇನ್ನು ಜೋಡಣೆ. ಏಳು ಪಟ್ಟಿ ಅಂಟಿಸುವುದೇ ಇಲ್ಲಿ ನಿಜವಾದ ಪರೀಕ್ಷೆ. ಆರು ಅಥವಾ ಎಂಟು ಆಗಿದ್ದರೆ ಕಾಗದ ಮಡಚಿ ಸಮನಾಗಿ ಗುರುತು ಹಾಕಬಹುದಿತ್ತು. ಏಳನ್ನು ಮಡಚಲು ಆಗಲ್ಲ. ಪುಸ್ತಿಕೆಯಲ್ಲಿ '17 ಮಿಲಿಮೀಟರಿಗೆ ಒಂದು' ಅಂತ ಬರೆದಿದ್ದಾರೆ. ಕೊಳವೆ 38 ಮಿಲಿಮೀಟರ್ ದಪ್ಪ, ಸುತ್ತಳತೆ 119ಕ್ಕೆ ಸ್ವಲ್ಪ ಮೇಲೆ, ಏಳರಿಂದ ಭಾಗಿಸಿದರೆ ಲೆಕ್ಕ ಸರಿ. ಆದರೆ ಸ್ಕೇಲ್ ಇಟ್ಟು 17, 17 ಅಂತ ಗುರುತು ಹಾಕುತ್ತಾ ಹೋದರೆ ಕೊನೆಗೆ ಒಂದೂವರೆ ಮಿಲಿಮೀಟರ್ ಎಲ್ಲೋ ತಪ್ಪಿರುತ್ತದೆ. ನಾನು ಹಳೇ ಉಪಾಯ ಮಾಡಿದೆ. ಕೊಳವೆಗೆ ಕಾಗದದ ಪಟ್ಟಿ ಸುತ್ತಿ, ಒಂದು ಸುತ್ತಿಗೆ ಸರಿಯಾಗಿ ಕತ್ತರಿಸಿ, ಅದನ್ನು ಗೆರೆ ಹಾಕಿದ ನೋಟ್‌ಬುಕ್ ಹಾಳೆಯ ಮೇಲೆ ಓರೆಯಾಗಿ ಇಡಬೇಕು. ಒಂದು ತುದಿ ಒಂದು ಗೆರೆಗೆ, ಇನ್ನೊಂದು ತುದಿ ಸಮ ದೂರದ ಏಳನೇ ಅಂತರಕ್ಕೆ ತಾಗಬೇಕು. ಗೆರೆ ದಾಟುವ ಕಡೆಯೆಲ್ಲ ಚುಕ್ಕೆ ಇಟ್ಟರೆ ಏಳು ಸಮಭಾಗ ತಾನಾಗಿ ಸಿಗುತ್ತದೆ. ಪುಸ್ತಿಕೆಯಲ್ಲಿ ಈ ನಾಲ್ಕು ಸಾಲು ಬರೆದಿದ್ದರೆ ಎಷ್ಟು ಜನರಿಗೆ ಉಪಕಾರ ಆಗುತ್ತಿತ್ತು!

ಮುಂದಿನ ತೊಂದರೆ, ಚಪ್ಪಟೆ ಪಟ್ಟಿಯನ್ನು ದುಂಡು ಕೊಳವೆಗೆ ಅಂಟಿಸುವುದು. ಕಿಟ್‌ನ ಪಟ್ಟಿ 9 ಮಿಲಿಮೀಟರ್ ಅಗಲ. ನಡುವೆ ತಾಗುತ್ತದೆ, ಎರಡೂ ಅಂಚಿನಲ್ಲಿ ಅರ್ಧ ಮಿಲಿಮೀಟರ್ ಸಂದು. ಅಂದರೆ ಅಂಟು ಹಿಡಿಯುವುದು ಒಂದು ಗೆರೆಯಷ್ಟು ಜಾಗದಲ್ಲಿ ಮಾತ್ರ. ತೆಳು ಸೂಪರ್ ಗ್ಲೂ ಹಾಕಿದೆ, ಮೊದಲ ಪಟ್ಟಿ ಬೆರಳಿಗೆ ಗಟ್ಟಿಯಾಗಿ ಅಂಟಿತು, ಕೊಳವೆಗೆ ಅಂಟಲಿಲ್ಲ. ಎರಡನೆಯದಕ್ಕೆ ಜಾಸ್ತಿ ಹಾಕಿದೆ. ಅಂಟಿತು. ಮರುದಿನ ಬೆಳಿಗ್ಗೆ ನೋಡಿದರೆ ಹೊಳೆಯುವ ಲೇಪದ ಮೇಲೆ ಪಟ್ಟಿಯ ಎರಡೂ ಬದಿ ಬಿಳಿ ಮಂಜು. ಸೂಪರ್ ಗ್ಲೂ ಆವಿ ಹತ್ತಿರದ ಮೇಲ್ಮೈ ಮೇಲೆ ಕೂತು ಹೀಗೆ ಮಾಡುತ್ತದೆ, ಅಂಟು ಜಾಸ್ತಿಯಾದಷ್ಟೂ ಮಂಜು ಜಾಸ್ತಿ. ಮೆತ್ತನೆ ಬಟ್ಟೆಗೆ ಒಂದೆರಡು ಹನಿ ಎಣ್ಣೆ ಹಾಕಿ ಉಜ್ಜಿ ಉಜ್ಜಿ ಮುಕ್ಕಾಲು ಪಾಲು ತೆಗೆದೆ. ಉಳಿದ ಐದು ಪಟ್ಟಿಗೆ ಜೆಲ್ ಥರದ ಗಟ್ಟಿ ಅಂಟು ತಂದೆ, ಸಂದು ತುಂಬಿತು, ಮಂಜೂ ಬರಲಿಲ್ಲ. ಪಟ್ಟಿ ಹಿಂಭಾಗವನ್ನು ಸ್ಯಾಂಡ್ ಪೇಪರಿನಲ್ಲಿ ಒರಟು ಮಾಡಿಕೊಂಡರೆ ಇನ್ನೂ ಒಳ್ಳೆಯದು.

ಹೀಗೆ ಬೈಯುತ್ತಾ ಅಂಟಿಸುವಾಗಲೇ ಕ್ರಿಶ್ಚಿಯನ್ ಮಾಡಿದ ಕೆಲಸ ನನಗೆ ಹೆಚ್ಚು ಅರ್ಥವಾಗಿದ್ದು. ಆ ಕಪ್ಪು ಪಟ್ಟಿ ಅಡ್ಡ ಕತ್ತರಿಸಿದರೆ 'ಟಿ' ಅಕ್ಷರದ ಹಾಗಿರುವ, ಕಪಾಟಿನ ಕೆಲಸಕ್ಕೆ ಬರುವ ಪ್ಲಾಸ್ಟಿಕ್ ಪಟ್ಟಿ. ಅದೇ ಥರದ್ದನ್ನು ಚಿತ್ರದ ಬಿಳಿ ಕವಚದ ಸೈನಿಕರ, ಅಂದರೆ ಸ್ಟಾರ್ಮ್‌ಟ್ರೂಪರ್ ಬಂದೂಕಿಗೂ ಬಳಸಿದ್ದಾರೆ. ಆ ಬಂದೂಕು ಕೂಡ ಬ್ರಿಟಿಷ್ ಸೈನ್ಯದ ಸ್ಟರ್ಲಿಂಗ್ ಸಬ್‌ಮೆಷಿನ್ ಗನ್, ಮೇಲೆ ಒಂದಷ್ಟು ಅಲಂಕಾರ. ಲ್ಯೂಕ್ ಜೊತೆಗಾರ ಹ್ಯಾನ್ ಸೋಲೋ ಪಿಸ್ತೂಲು ಹಳೇ ಜರ್ಮನ್ ಮೌಸರ್ ಸಿ96, ಮೇಲೆ ಒಂದು ದುರ್ಬೀನು ಕೂರಿಸಿದ್ದು. ಮೇಜಿನ ಮೇಲೆ ಒಂದಕ್ಕೆ ಉಳಿದ ಪಟ್ಟಿ ಇನ್ನೊಂದಕ್ಕೆ ಹೋಗಿದೆ. ಆ ಸಿನಿಮಾದ ಆಯುಧಗಳೆಲ್ಲ ಒಂದೇ ಊರಿನವು ಅಂತ ಕಾಣುವುದಕ್ಕೆ ಇದೂ ಒಂದು ಕಾರಣ ಇರಬೇಕು ಅಂತ ನನ್ನ ಅನಿಸಿಕೆ.

ಗುಳ್ಳೆ ಪಟ್ಟಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದು ಸೋತಿದೆ. ಎಪ್ಪತ್ತರ ದಶಕದ ಕ್ಯಾಲ್ಕುಲೇಟರುಗಳಲ್ಲಿ ಕೆಂಪು ಎಲ್‌ಇಡಿ ಅಂಕಿಗಳು ಅಕ್ಕಿ ಕಾಳಿನಷ್ಟು ಸಣ್ಣ. ದೊಡ್ಡದಾಗಿ ಕಾಣಲಿ ಅಂತ ಒಂದೊಂದು ಅಂಕಿಯ ಮೇಲೂ ಒಂದೊಂದು ಪ್ಲಾಸ್ಟಿಕ್ ಗುಳ್ಳೆ ಇಡುತ್ತಿದ್ದರು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಎಕ್ಸಾಕ್ಟ್ರಾ ಕ್ಯಾಲ್ಕುಲೇಟರಿನ ಗುಳ್ಳೆಗಳು ಲ್ಯೂಕ್ ಕತ್ತಿಯ ಮೇಲಿರುವವು ಅಂತ ಅಭಿಮಾನಿಗಳೇ ಪತ್ತೆ ಹಚ್ಚಿದ್ದು. ಅವು ಭೂತಗನ್ನಡಿ, ನೀರಿನ ಹನಿಯಷ್ಟು ಸ್ವಚ್ಛ ಇರಬೇಕು. ಕಿಟ್‌ನಲ್ಲಿ ಬಂದದ್ದು ಎರಕ ಹೊಯ್ದ ರೆಸಿನ್. ಎರಡರಲ್ಲಿ ಗಾಳಿ ಸೇರಿಕೊಂಡು ಗುಳ್ಳೆಯೊಳಗೆ ಗುಳ್ಳೆ. ಪತ್ರಿಕೆ ಮೇಲಿಟ್ಟು ನೋಡಿದೆ, ಅಕ್ಷರ ದೊಡ್ಡದಾಗುವುದಿರಲಿ, ಕಾಣುವುದೇ ಇಲ್ಲ.

ಪುಸ್ತಿಕೆ ಮಾತ್ರ ಅರ್ಧ ಚಿನ್ನ, ಅರ್ಧ ತೌಡು. ಚಿನ್ನ ಯಾವುದಪ್ಪ ಅಂದರೆ ಲ್ಯೂಕ್ ಗುರು ಓಬಿ-ವಾನ್ ಕೆನೋಬಿ ಕತ್ತಿಯ ಬಗ್ಗೆ ಇರುವ ನಾಲ್ಕು ಪುಟ. ನನಗೆ ಲ್ಯೂಕ್ ಕತ್ತಿಗಿಂತ ಇದೇ ಇಷ್ಟ. ಹಿಡಿಯುವ ಭಾಗ ಒಂದನೇ ಮಹಾಯುದ್ಧದ ಬ್ರಿಟಿಷ್ ರೈಫಲ್ ಗ್ರೆನೇಡ್. ತೆಳು ಕುತ್ತಿಗೆ ಮತ್ತು ತುದಿ ರೋಲ್ಸ್ ರಾಯ್ಸ್ ಡರ್ವೆಂಟ್ ಜೆಟ್ ಎಂಜಿನ್ನಿನ ಒಂದು ಪೈಪು. ಬುಡಕ್ಕೆ ಸ್ವಲ್ಪ ಮೇಲೆ ಬ್ರೌನಿಂಗ್ ಮೆಷಿನ್ ಗನ್ನಿನ ಬೂಸ್ಟರ್, ಅಂದರೆ ನಳಿಗೆಯ ತುದಿಗೆ ಹಾಕುವ ತುಂಡು. ಇನ್ನು ಬುಡ? ಸಿಂಕಿನ ನಲ್ಲಿ ತಿರುಗಿಸುವ ಹಿಡಿ! ಆರ್ಮಿಟೇಜ್ ಶ್ಯಾಂಕ್ಸ್ ಕಂಪನಿಯದು. ಬೆಳಕಿನ ಕತ್ತಿ ಹಿಡಿದ ಆ ಮಹಾ ಗುರುವಿನ ಅಂಗೈ ಕೆಳಗೆ ಕೈ ತೊಳೆಯುವ ನಲ್ಲಿ. ಖಳನಾಯಕ ಡಾರ್ತ್ ವೇಡರ್ ಕತ್ತಿ ಎಂಪಿಪಿ ಅನ್ನುವ ಬ್ರಿಟಿಷ್ ಕಂಪನಿಯ ಫ್ಲ್ಯಾಶ್ ಹಿಡಿ. ಈ ತುಂಡುಗಳನ್ನು ಜನ ಸಿನಿಮಾದ ಒಂದೊಂದು ಫ್ರೇಮ್ ನಿಲ್ಲಿಸಿ, ಹಲ್ಲುಗಳನ್ನು ಎಣಿಸಿ, ಗುಜರಿಗಳಲ್ಲಿ ಹುಡುಕಿ ಗುರುತಿಸಿದ್ದಾರೆ. ಪುಸ್ತಿಕೆ ಇದನ್ನು ಚೆನ್ನಾಗಿ, ಪ್ರೀತಿಯಿಂದ ಹೇಳುತ್ತದೆ.

ತೌಡು ಯಾವುದು ಅಂದರೆ 'ಅಸಲಿ' ಅನ್ನುವ ಪದ. ಪುಟಕ್ಕೆ ಎರಡು ಸಲ ಬರುತ್ತದೆ. ಲ್ಯೂಕ್ ಕತ್ತಿಗೆ ಒಂದೇ ಅಸಲಿ ಇರಲಿಲ್ಲ. ಸೊಂಟದಲ್ಲಿ ನೇತಾಡಲು ಒಂದು, ಬೆಳಗುವ ದೃಶ್ಯಕ್ಕೆ ಅಲಗು ತಿರುಗಿಸುವ ಮೋಟರ್ ಇಟ್ಟದ್ದು ಇನ್ನೊಂದು. ಆ ಮೋಟರಿಗೆ ವೈರ್ ಬೇಕಲ್ಲ, ಅದು ತೋಳಿನೊಳಗೆ ಹೋಗುತ್ತಿತ್ತು. ಓಬಿ-ವಾನ್ ಪಾತ್ರದ ಅಲೆಕ್ ಗಿನ್ನಿಸ್ ವೇಡರ್ ಜೊತೆ ಹೋರಾಡುವ ದೃಶ್ಯ ಗಮನವಿಟ್ಟು ನೋಡಿ, ಕತ್ತಿಯಿಂದ ಅಂಗಿಯ ತೋಳಿಗೆ ಹೋಗುವ ವೈರ್ ಕಾಣುತ್ತದೆ. ಇಂಥದ್ದನ್ನು ಬಿಟ್ಟು ನುಣ್ಣಗೆ ಹೊಳೆಯುವ ಒಂದೇ ವಸ್ತುವನ್ನು ಅಸಲಿ ಅಂತ ಕೂರಿಸಿದರೆ ಕಲಿಯುವುದು ಏನು?

ಆದರೆ ಕೋಲು ಮತ್ತು ಟೇಪು ಕೊಟ್ಟಿದ್ದಾರಲ್ಲ, ಅದಕ್ಕೆ ಅವರ ಎಲ್ಲ ತಪ್ಪೂ ಮಾಫಿ. ಕಿಟ್‌ನಲ್ಲಿ ಅತ್ಯಂತ ಬಡಕಲಾಗಿ ಕಾಣುವ, ಅತ್ಯಂತ ಚೆನ್ನಾಗಿ ಕೆಲಸ ಮಾಡುವ ಭಾಗ ಇದು. ಚಿತ್ರೀಕರಣದಲ್ಲಿ ಕತ್ತಿಯ ಅಲಗು ಅಂದರೆ ಮರದ ಕೋಲು, ಮೇಲೆ ಸ್ಕಾಚ್‌ಲೈಟ್ ಅನ್ನುವ ಹಾಳೆ. ರಸ್ತೆಯ ಫಲಕಗಳು ರಾತ್ರಿ ಗಾಡಿಯ ಬೆಳಕಿಗೆ ಹೊಳೆಯುತ್ತವಲ್ಲ, ಆ ಜಾತಿ. ಬೆಳಕು ಎಲ್ಲಿಂದ ಬಂತೋ ಅಲ್ಲಿಗೇ ವಾಪಸ್ ಕಳಿಸುತ್ತದೆ. ಕ್ಯಾಮೆರಾ ಮುಂದೆ ಅರ್ಧ ಕನ್ನಡಿ (ಅರ್ಧ ಬೆಳಕು ಬಿಡುವ, ಅರ್ಧ ತಿರುಗಿಸುವ ಗಾಜು) ಇಟ್ಟು, ಲೆನ್ಸಿನ ದಿಕ್ಕಿನಿಂದಲೇ ಬೆಳಕು ಹೋಗುವ ಹಾಗೆ ಮಾಡಿ, ಮೋಟರಿನಿಂದ ಕೋಲು ತಿರುಗಿಸಿದರು.

ರಾತ್ರಿ ದೀಪ ಆರಿಸಿ ಮಗಳ ಕೈಗೆ ಕೋಲು ಕೊಟ್ಟೆ. ಮೊಬೈಲ್ ಟಾರ್ಚ್ ಹಚ್ಚಿ ನನ್ನ ಕಣ್ಣಿನ ಪಕ್ಕದಲ್ಲೇ ಹಿಡಿದೆ. ಬೂದು ಕೋಲು ಒಮ್ಮೆಲೇ ಬೆಳ್ಳಗೆ ಉರಿಯಿತು. ಒಳಗೆ ಬಲ್ಬ್ ಇದೆಯೇನೋ ಅನ್ನಬೇಕು, ಹಾಗೆ. ಟಾರ್ಚನ್ನು ಒಂದು ಅಡಿ ಪಕ್ಕಕ್ಕೆ ಸರಿಸಿದೆ, ಆರಿಹೋಯಿತು. ಮತ್ತೆ ಕಣ್ಣಿನ ಹತ್ತಿರ ತಂದೆ, ಉರಿಯಿತು.

"ನನಗೇನೂ ಕಾಣ್ತಿಲ್ಲ ಅಪ್ಪ, ಬರೀ ಕೋಲು" ಅಂದಳು ಅವಳು.

ಅವಳ ಕಣ್ಣು ಬೇರೆ ಜಾಗದಲ್ಲಿತ್ತಲ್ಲ. ಸೆಟ್‌ನಲ್ಲಿ ನಿಂತಿದ್ದ ನಟರಿಗೂ ಹೀಗೇ ಬರೀ ಕೋಲು ಕಂಡಿರಬೇಕು. ಜಾಗ ಬದಲಾಯಿಸಿಕೊಂಡೆವು. ಈಗ ಕಿರುಚಿದ್ದು ಅವಳು. ಅರ್ಧ ಗಂಟೆ ಮನೆಯಲ್ಲಿ ಯಾರಿಗೂ ದೀಪ ಹಾಕಲು ಬಿಡಲಿಲ್ಲ. ಕೋಲನ್ನು ಸ್ವಲ್ಪ ನೋಡುವವರ ಕಡೆಗೆ ವಾಲಿಸಿದರೆ ಹೊಳಪು ಇಳಿಯುವುದೂ ಕಾಣುತ್ತದೆ. ಈ ಉಪಾಯ ಸೆಟ್‌ನಲ್ಲಿ ಸಾಕಾಗಲಿಲ್ಲ. ಕೊನೆಗೆ ಅನಿಮೇಷನ್ ಮಾಡುವವರು ಫ್ರೇಮಿನ ಮೇಲೆ ಫ್ರೇಮ್ ಕೂತು ಬೆಳಕನ್ನು ಬರೆದರು. ಸೆಕೆಂಡಿಗೆ 24 ಫ್ರೇಮ್, ಹತ್ತು ಸೆಕೆಂಡ್ ಹೋರಾಟಕ್ಕೆ 240.

ಕೊಳ್ಳಬಹುದಾ? ಶೋಕೇಸಿನಲ್ಲಿ ಇಡಲು ಬೇಕು ಅನ್ನುವವರು ಜೋಡಿಸಿದ್ದನ್ನೇ ತಗೊಳ್ಳಿ, ಈ ಒದ್ದಾಟ ಬೇಡ. ಮಾಡುವುದರಲ್ಲಿ ಆಸೆ ಇರುವವರು, ಜೆಲ್ ಅಂಟು ಜೊತೆಗಿಟ್ಟುಕೊಂಡು, ಗುಳ್ಳೆ ಪಟ್ಟಿಗೆ ಬೇರೆ ದಾರಿ ನೋಡಿಕೊಂಡು, ಧಾರಾಳವಾಗಿ ತಗೊಳ್ಳಿ. ನಾನು ಐದಕ್ಕೆ ಮೂರು ಕೊಡುತ್ತೇನೆ, ಕೋಲಿಗೆ ಇನ್ನೊಂದು ಅರ್ಧ. ಹಳೇ ನಿಜವಾದ ಹಿಡಿ ಹುಡುಕಿ ಅದಕ್ಕೆ ಅಂಟು ಬಳಿಯುವ ಯೋಚನೆ ಇದ್ದರೆ ಮಾತ್ರ ಬಿಟ್ಟುಬಿಡಿ, ಆ ಹಿರಿಯರ ಮುಖ ನನಗಿನ್ನೂ ಕಣ್ಣ ಮುಂದಿದೆ.

ಬುಡದ ಮುಚ್ಚಳವನ್ನು ಒಳಗಿನಿಂದ ಅರದಲ್ಲಿ ಉಜ್ಜಲು ಶುರು ಮಾಡಿದ್ದೇನೆ. ಎರಡು ಮಿಲಿಮೀಟರ್ ಹೋಗಿದೆ, ಇನ್ನೂ ಒಂದೂವರೆ ಬಾಕಿ. ಮೂರನೇ ಸೆಲ್ ಮೇಜಿನ ಮೇಲೆ ಕಾಯುತ್ತಿದೆ. ಅದು ಒಳಗೆ ಕೂತ ದಿನ ತಲೆಗೆ ಒಂದು ಚಿಕ್ಕ ಬಲ್ಬ್ ಹಾಕಿ ಕೊಡಬೇಕಂತೆ. ರಾತ್ರಿ ಕರೆಂಟ್ ಹೋದಾಗ ಬೇಕಾಗುತ್ತದೆ ಅಂತ ಮಗಳು ಆಗಲೇ ಹೇಳಿಟ್ಟಿದ್ದಾಳೆ.